ಮನೆಗೆ ಬರಬೇಕಾದ ಲೆಕ್ಕ

'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಎಳೆಯ ಮಕ್ಕಳನ್ನು ಆಟಕ್ಕೆ ಸೇರಿಸಿಕೊಂಡು, ಸೋಲುಗೆಲುವುಗಳ ಎಣಿಕೆಯಿಂದ ಮಾತ್ರ ಬಿಟ್ಟುಬಿಡುವ ಔದಾರ್ಯ ಈ ಮಾತಿನಲ್ಲಿದೆ. ಆದರೆ ಶಾಲೆಯ ಗಣಿತದ ವಿಷಯದಲ್ಲಿ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಇದೇ ಗಾದೆ ಒಪ್ಪುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ಅವರು ತರಗತಿಯಲ್ಲಿ ಕುಳಿತಿರುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿರುತ್ತದೆ. ಲೆಕ್ಕ ಮಾತ್ರ ಅವರ ಪಾಲಿಗೆ ಬಂದಿರುವುದಿಲ್ಲ.

ಹಿಂದಿನವರು ಮಿಡ್ಲ್ ಸ್ಕೂಲು ಎಂದು ಕರೆಯುತ್ತಿದ್ದ ಘಟ್ಟ ಇಂದು ಆರು, ಏಳು, ಎಂಟನೆಯ ತರಗತಿಗಳದು. ಭಿನ್ನರಾಶಿ, ದಶಮಾಂಶ, ಅನುಪಾತ, ಶೇಕಡ, ಲಾಭ ನಷ್ಟ, ಬಡ್ಡಿ, ವಿಸ್ತೀರ್ಣ, ಘನಫಲ, ಋಣಸಂಖ್ಯೆ, ಬೀಜಗಣಿತದ ಮೊದಲ ಪಾಠ, ಇವೆಲ್ಲವೂ ಈ ಮೂರು ವರ್ಷಗಳಲ್ಲಿ ಬರುತ್ತವೆ. 2009ರಲ್ಲಿ ಸಂಸತ್ತು ಅಂಗೀಕರಿಸಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಎಂಟನೆಯ ತರಗತಿಯವರೆಗಿನ ಶಿಕ್ಷಣವನ್ನು ಹಕ್ಕಾಗಿ ಕೊಟ್ಟಿದೆ. ಎಂದರೆ, ಕಾನೂನು ಪ್ರತಿಯೊಂದು ಮಗುವಿಗೂ ಖಾತರಿ ಮಾಡಿಕೊಟ್ಟಿರುವ ಕಟ್ಟಕಡೆಯ ಗಣಿತ ಇದೇ. ಮುಂದೆ ಓದು ಮುಂದುವರಿಸಲಾಗದ ಹುಡುಗನಿಗಾಗಲಿ, ಮದುವೆಯ ಮಾತೆತ್ತಿ ಮನೆಯವರು ಶಾಲೆ ಬಿಡಿಸಿದ ಹುಡುಗಿಗಾಗಲಿ ಬಾಳಿನುದ್ದಕ್ಕೂ ಬರತಕ್ಕ ಬುತ್ತಿ ಇದೊಂದೆ.

ಈ ಬುತ್ತಿಯ ಬೆಲೆಯೇನು ಎಂಬುದನ್ನು ಕೋಲಾರ, ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಸುತ್ತಾಡಿದರೆ ಚೆನ್ನಾಗಿ ತಿಳಿಯುತ್ತದೆ. ನಾನು ಗಣಿತಜ್ಞನಲ್ಲ, ಕನ್ನಡ ಪಾಠ ಹೇಳುವವನು. ಆದರೂ ಗಣಿತದ ಪಾಠಗಳಲ್ಲಿ ಅಡಗಿರುವ ಮಾತುಗಳು, ಆ ಮಾತುಗಳ ಹಿಂದಿರುವ ಬಾಳುವೆ ನನ್ನನ್ನು ಬಹಳವಾಗಿ ಸೆಳೆದಿವೆ. ಪಠ್ಯಪುಸ್ತಕದ ಬಹುಪಾಲು ಅಧ್ಯಾಯಗಳು ಈ ಊರುಗಳ ಸಂತೆಯಲ್ಲಿ, ಗೂಡಿನಲ್ಲಿ, ತೋಪಿನಲ್ಲಿ, ಹೊಲದ ಬದುವಿನ ಮೇಲೆ ಆಗಲೇ ಬರೆದಿಟ್ಟಂತೆ ಇವೆ. ಅದನ್ನು ಮಕ್ಕಳಿಗೆ ತೋರಿಸಿಕೊಡುವವರು ಬೇಕು, ಅಷ್ಟೆ.

ಕೋಲಾರ: ನೂರಕ್ಕೆ ಎಷ್ಟು?

ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಯ ಟೊಮೆಟೊ ಹರಾಜು ನಾಡಿನಲ್ಲೆಲ್ಲಾ ಪ್ರಸಿದ್ಧವಾದುದು. ಅಲ್ಲಿ ಟೊಮೆಟೊ ಹದಿನೈದು ಕಿಲೋ ಹಿಡಿಯುವ ಪೆಟ್ಟಿಗೆಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಮಾರುಕಟ್ಟೆಯ ಮಾತಿನಲ್ಲಿ ಅದು 'ಬಾಕ್ಸ್'. 2023ರ ಜುಲೈ ತಿಂಗಳಲ್ಲಿ ಇಂಥ ಒಂದು ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿಗಳನ್ನು ಮೀರಿತ್ತು. ಬೆಲೆ ನೆಲಕಚ್ಚಿದಾಗ ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಯ ಬದಿಗೆ ಸುರಿದುಹೋದ ವರ್ಷಗಳೂ ಉಂಟು.

ಬೆಲೆ ಇನ್ನೂರರಿಂದ ಎರಡು ಸಾವಿರಕ್ಕೆ ಏರಿತೆಂದರೆ ಏರಿಕೆ ಶೇಕಡ 900. ಎರಡು ಸಾವಿರದಿಂದ ಮತ್ತೆ ಇನ್ನೂರಕ್ಕೆ ಇಳಿದರೆ ಇಳಿಕೆ ಶೇಕಡ 90 ಮಾತ್ರ. ಹೋದ ದಾರಿಯಲ್ಲೇ ಹಿಂದಿರುಗಿದ್ದರೂ ಅಂಕಿಗಳು ಬೇರೆ ಬೇರೆ. ಹೀಗೇಕೆ? ಶೇಕಡ ಎಂಬುದು ತಾನಾಗಿ ನಿಲ್ಲುವ ಸಂಖ್ಯೆಯಲ್ಲ. ಯಾವುದರ ಮೇಲೆ ಎಂಬ ಪ್ರಶ್ನೆಯ ಆಸರೆ ಅದಕ್ಕೆ ಸದಾ ಬೇಕು. ನಾನೂರು ರೂಪಾಯಿಯ ಬಾಕ್ಸು ಶೇಕಡ 25 ಇಳಿದು ಮುನ್ನೂರಾಯಿತು. ಮರುದಿನ ಶೇಕಡ 25 ಏರಿತು. ಹಳೆಯ ಬೆಲೆ ಬಂತೆಂದು ಹಿಗ್ಗಬೇಕಾಗಿಲ್ಲ. ಮುನ್ನೂರರ ಕಾಲುಭಾಗ ಎಪ್ಪತ್ತೈದು. ಬೆಲೆ 375 ಮಾತ್ರ ಆಗಿದೆ.

ಇನ್ನೊಂದು ಲೆಕ್ಕ ನೋಡೋಣ. ರೈತನೊಬ್ಬ ನೂರು ಬಾಕ್ಸ್ ಮಾಲು ತಂದ. ಬಾಕ್ಸಿಗೆ 400 ರೂ. ದೊರೆಯಿತು, ಒಟ್ಟು 40,000 ರೂ. ಹಣ್ಣು ಕೆಟ್ಟಿದೆಯೆಂದು ಮೊದಲು ನೂರಕ್ಕೆ ಐದು ಮುರಿದುಕೊಂಡು, ಉಳಿದ ಹಣದಲ್ಲಿ ನೂರಕ್ಕೆ ಹತ್ತು ಹಿಡಿಯುವುದೆಂದು ಮಾತಾಗಿದೆಯೆಂದು ಇಟ್ಟುಕೊಳ್ಳಿ. ಐದು ಕಳೆದರೆ 38,000. ಅದರಲ್ಲಿ ಹತ್ತನೆಯ ಒಂದು ಭಾಗ ಕಳೆದರೆ 34,200. ಐದೂ ಹತ್ತೂ ಸೇರಿ ಹದಿನೈದು ಎಂದು ಬಾಯಲ್ಲಿ ಹೇಳಿ ಒಮ್ಮೆಗೇ ಮುರಿದರೆ ರೈತನ ಕೈಗೆ ಬರುವುದು 34,000. ನಡುವೆ ಜಾರಿಹೋದ ಇನ್ನೂರು ರೂಪಾಯಿ ಯಾರದು? ಏಳನೆಯ ತರಗತಿಯ ಮಗಳು ಅಪ್ಪನ ಪಕ್ಕದಲ್ಲಿ ನಿಂತು ಲೆಕ್ಕದ ಚೀಟಿಯನ್ನು ಓದಿದಳಾದರೆ ಈ ಪ್ರಶ್ನೆಯನ್ನು ಕೇಳಬಲ್ಲಳು. ಪುಸ್ತಕದ ಬದನೆಕಾಯಿ ಅಡುಗೆಗೆ ಬರುವುದು ಎಂದರೆ ಇದೇ ಅಲ್ಲವೆ?

ಮಾಲೂರು: ಮಣ್ಣಿನ ಅಳತೆ

ಮಾಲೂರು ಎಂದೊಡನೆ ಸಾಹಿತ್ಯಪ್ರಿಯರಿಗೆ ಮಾಸ್ತಿಯವರ ನೆನಪಾಗುತ್ತದೆ. ಮನೆ ಕಟ್ಟಿಸುವವರಿಗೆ ಇಟ್ಟಿಗೆ, ಹೆಂಚುಗಳ ನೆನಪಾಗುತ್ತದೆ. ಘನಫಲದ ಪಾಠಕ್ಕೆ ಇಟ್ಟಿಗೆಗಿಂತ ಒಳ್ಳೆಯ ಉಪಕರಣ ಎಲ್ಲಿದೆ? ಶಾಸ್ತ್ರೋಕ್ತ ಅಳತೆಯ ಇಟ್ಟಿಗೆ 19 ಸೆಂಟಿಮೀಟರ್ ಉದ್ದ, 9 ಅಗಲ, 9 ಎತ್ತರ. ಸುತ್ತಲಿನ ಗಾರೆ ಸೇರಿದರೆ 20, 10, 10. ಆಗ ಒಂದು ಘನಮೀಟರ್ ಗೋಡೆಗೆ ಸರಿಯಾಗಿ 500 ಇಟ್ಟಿಗೆಗಳು ಬೇಕಾಗುತ್ತವೆ.

ಐದು ಮೀಟರ್ ಉದ್ದ, ಮೂರು ಮೀಟರ್ ಎತ್ತರ, ಇಪ್ಪತ್ತು ಸೆಂಟಿಮೀಟರ್ ದಪ್ಪದ ಗೋಡೆಯ ಘನಫಲ ಮೂರು ಘನಮೀಟರ್. ಬೇಕಾದ ಇಟ್ಟಿಗೆ 1500. ಅದರಲ್ಲಿ ಎರಡು ಮೀಟರ್ ಎತ್ತರ, ಒಂದು ಮೀಟರ್ ಅಗಲದ ಬಾಗಿಲಿಗೆ ಜಾಗ ಬಿಟ್ಟರೆ 200 ಇಟ್ಟಿಗೆ ಉಳಿಯುತ್ತದೆ. ಗೂಡಿನಲ್ಲಿ ದುಡಿಯುವ ತಾಯಿತಂದೆಗಳ ಮಕ್ಕಳು ಇಂಥ ಲೆಕ್ಕವನ್ನು ಬಾಯಲ್ಲೇ ಮಾಡಬಲ್ಲರು. ಅದೇ ಮಕ್ಕಳ ಮುಂದೆ 'ಉದ್ದ ಗುಣಿಸು ಅಗಲ ಗುಣಿಸು ಎತ್ತರ' ಎಂಬ ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆದಾಗ ಅವರು ಬೆಚ್ಚುವರಾದರೆ ದೋಷ ಮಕ್ಕಳದಲ್ಲ. ಸೂತ್ರಕ್ಕೂ ಇಟ್ಟಿಗೆಗೂ ನಂಟುಂಟೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಇಟ್ಟಿಗೆಯ ಮೂರು ಅಳತೆಗಳನ್ನೂ ಇಮ್ಮಡಿ ಮಾಡಿದರೆ ಮಣ್ಣು ಎಷ್ಟು ಬೇಕು ಎಂದು ಕೇಳಿ ನೋಡಿ. ಅವಸರದಲ್ಲಿ ಎರಡು ಪಾಲು ಎನ್ನುವವರೇ ಹೆಚ್ಚು. ಎಂಟು ಇಟ್ಟಿಗೆಗಳನ್ನು ಕೈಯಾರೆ ಜೋಡಿಸಿ ನೋಡಿದ ಮಗು ಮಾತ್ರ ಎಂಟು ಪಾಲು ಎನ್ನುತ್ತದೆ, ಮತ್ತು ಅದನ್ನು ಎಂದಿಗೂ ಮರೆಯುವುದಿಲ್ಲ.

ಮಣ್ಣಿನ ಲೆಕ್ಕವೇ ನೀರಿಗೂ ಸಲ್ಲುತ್ತದೆ. ಕೋಲಾರ ಸೀಮೆ ಕೆರೆಗಳ ಸೀಮೆ. ಇಲ್ಲಿ ಹರಿಯುವ ದೊಡ್ಡ ಜೀವನದಿಯಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಈ ಕಡೆಯ ಕೆರೆಗಳಿಗೆ ಹಾಯಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರದ ಕೆರೆಯನ್ನು ಮುಟ್ಟಿತು. ದಿನಕ್ಕೆ 44 ಕೋಟಿ ಲೀಟರ್ ಎಂಬುದು ಯೋಜನೆಯ ಸಂಕಲ್ಪ. ಈ ಅಂಕಿಯನ್ನು ಪತ್ರಿಕೆಯಲ್ಲಿ ಓದಿ 'ಅಬ್ಬಾ!' ಎನ್ನುವುದು ಸುಲಭ; ಅರ್ಥ ಮಾಡಿಕೊಳ್ಳುವುದು ಬೇರೆ. ಸಾವಿರ ಲೀಟರ್ ಎಂದರೆ ಒಂದು ಘನಮೀಟರ್. ಹಾಗಾದರೆ 44 ಕೋಟಿ ಲೀಟರ್ ಎಂದರೆ 4,40,000 ಘನಮೀಟರ್. ಅಷ್ಟು ನೀರನ್ನು ಒಂದು ಮೀಟರ್ ಆಳಕ್ಕೆ ಹರಡಿದರೆ 44 ಹೆಕ್ಟೇರು, ಸುಮಾರು 109 ಎಕರೆ, ನಿಲ್ಲುತ್ತದೆ. ಇಷ್ಟು ತಿಳಿದವನು ತನ್ನೂರಿನ ಕೆರೆಯ ಅಂಗಳವನ್ನು ನೋಡಿ, ನಮಗೆ ಎಷ್ಟು ದಿನದ ನೀರು ಬೇಕು, ಬಂದದ್ದೆಷ್ಟು, ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಬಲ್ಲ.

ಶ್ರೀನಿವಾಸಪುರ: ಮಾವಿನ ರಾಶಿ ಮತ್ತು ಅವ್ಯಕ್ತ

ಶ್ರೀನಿವಾಸಪುರದ ಮಾವಿನ ತೋಪುಗಳ ಹೆಸರು ಕೇಳದವರಿಲ್ಲ. ತೋತಾಪುರಿ, ಬಾದಾಮಿ, ರಸಪುರಿ, ಬೇನಿಷಾ, ಎಷ್ಟು ಬಗೆ! ಮಾವಿಗೂ ಗಣಿತಕ್ಕೂ ನಮ್ಮ ನಾಡಿನಲ್ಲಿ ಸಾವಿರ ವರ್ಷಕ್ಕೂ ಮೀರಿದ ಸಂಬಂಧವಿದೆಯೆಂದರೆ ಓದುಗರಿಗೆ ಸೋಜಿಗವಾದೀತು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ' ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಕ್ಷೇತ್ರದ ವಿಸ್ತೀರ್ಣ, ಅಗೆತದ ಘನಫಲ, ಇವೆಲ್ಲ ಅದರಲ್ಲಿವೆ. ಇಂದಿನ ಮಾಧ್ಯಮಿಕ ಶಾಲೆಯ ಪಾಠಪಟ್ಟಿಯನ್ನೇ ಓದಿದಂತಾಗುತ್ತದೆ.

ಅದರಲ್ಲಿ ಮಾವಿನ ರಾಶಿಯ ಸಮಸ್ಯೆಯೊಂದುಂಟು. ಅದರ ಸಾರ ಹೀಗೆ: ರಾಜನು ರಾಶಿಯ ಆರರಲ್ಲೊಂದು ಪಾಲು ತೆಗೆದುಕೊಂಡ; ಉಳಿದುದರಲ್ಲಿ ಐದರಲ್ಲೊಂದು ಪಾಲು ರಾಣಿಗೆ ಹೋಯಿತು. ಮೂವರು ರಾಜಕುಮಾರರು ಒಬ್ಬರಾದ ಮೇಲೊಬ್ಬರು ಉಳಿದುದರ ಕಾಲುಭಾಗ, ಮೂರರಲ್ಲೊಂದು ಭಾಗ, ಅರ್ಧ, ಹೀಗೆ ಪಡೆದರು. ಕಡೆಯ ಮಗುವಿಗೆ ಉಳಿದದ್ದು ಮೂರು ಹಣ್ಣು. ರಾಶಿಯಲ್ಲಿದ್ದ ಹಣ್ಣುಗಳೆಷ್ಟು?

ಆರನೆಯ ತರಗತಿಯ ಮಗು ಇದನ್ನು ಹಿಂದಿನಿಂದ ಬಿಡಿಸಬಲ್ಲದು. ಅರ್ಧ ತೆಗೆದ ಮೇಲೆ ಮೂರು ಉಳಿದರೆ, ತೆಗೆಯುವ ಮುನ್ನ ಆರು. ಅದಕ್ಕೆ ಹಿಂದೆ ಒಂಬತ್ತು. ಅದಕ್ಕೂ ಹಿಂದೆ ಹನ್ನೆರಡು. ರಾಣಿ ತೆಗೆಯುವ ಮುನ್ನ ಹದಿನೈದು. ರಾಜ ತೆಗೆಯುವ ಮುನ್ನ ಹದಿನೆಂಟು. ಎಲ್ಲರಿಗೂ ಸಿಕ್ಕಿದ್ದು ಮೂರು ಮೂರೇ ಹಣ್ಣು! ರಾಜನಿಗೆ ಆರರಲ್ಲೊಂದು, ಕಡೆಯ ರಾಜಕುಮಾರನಿಗೆ ಅರ್ಧ ಎಂದಾಗ ಅನ್ಯಾಯವೆಂದು ತೋರಿದ್ದು ಲೆಕ್ಕ ಹಾಕಿದರೆ ಸಮಪಾಲು. ಭಿನ್ನರಾಶಿಯ ಹೃದಯವೇ ಇಲ್ಲಿದೆ: ಎಷ್ಟು ಪಾಲು ಎಂದು ಕೇಳಿದರೆ ಸಾಲದು, ಯಾವುದರ ಪಾಲು ಎಂದು ಕೇಳಬೇಕು.

ಎಂಟನೆಯ ತರಗತಿಗೆ ಬಂದಾಗ ಇದೇ ಮಗು ರಾಶಿಯನ್ನು ಒಂದು ಅಕ್ಷರವೆಂದು ಇಟ್ಟುಕೊಂಡು ಮುಂದಿನಿಂದಲೇ ಸಮೀಕರಣ ಹೂಡುತ್ತದೆ. ತಿಳಿಯದ ಸಂಖ್ಯೆಗೆ ನಮ್ಮ ಪ್ರಾಚೀನರು 'ಅವ್ಯಕ್ತ' ಎಂಬ ಸುಂದರವಾದ ಹೆಸರನ್ನಿಟ್ಟಿದ್ದರು. ಒಂದಕ್ಕಿಂತ ಹೆಚ್ಚು ಅವ್ಯಕ್ತಗಳಿದ್ದರೆ ಕಾಲಕ, ನೀಲಕ ಎಂದು ಬಣ್ಣಗಳ ಹೆಸರಿಟ್ಟು, 'ಕಾ', 'ನೀ' ಎಂದು ಮೊದಲಕ್ಷರ ಬರೆಯುತ್ತಿದ್ದರು. ಕಾಣದುದಕ್ಕೆ ಹೆಸರಿಟ್ಟು, ಕಂಡುದರ ನೆರವಿನಿಂದ ಅದನ್ನು ಹಿಡಿಯುವುದೇ ಬೀಜಗಣಿತ. ಈ ಮಾತನ್ನು ಹೇಳದೆ ಒಮ್ಮೆಗೇ ಅಕ್ಷರಗಳನ್ನು ಕೂಡಿಸಿ ಕಳೆಯಲು ಹಚ್ಚಿದರೆ, ನೆನ್ನೆಯವರೆಗೆ ಲೆಕ್ಕದಲ್ಲಿ ಜಾಣನಾಗಿದ್ದ ಹುಡುಗನೂ ಕಂಗೆಡುತ್ತಾನೆ.

ತೋಪಿನ ಒಡೆಯರಿಗೆ ಈ ಪಾಠ ಬರಿಯ ಬುದ್ಧಿವಿಲಾಸವಲ್ಲ. 2025ರಲ್ಲಿ ತೋತಾಪುರಿಯ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. ಆ ಜುಲೈನಲ್ಲಿ ಕೇಂದ್ರ ಸರ್ಕಾರವು ಕ್ವಿಂಟಲಿಗೆ 1616 ರೂ. ಎಂಬ ದರವನ್ನು ಆಧಾರವಾಗಿಟ್ಟು, ಬೆಲೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ಮಾರಿದ ಬೆಲೆಯೆಷ್ಟು, ಆಧಾರ ದರದಿಂದ ಅದು ಎಷ್ಟು ಕಡಿಮೆ, ತನಗೆ ಬರಬೇಕಾದದ್ದೆಷ್ಟು ಎಂಬ ಲೆಕ್ಕವನ್ನು ಮನೆಯಲ್ಲೇ ಹಾಕಿಕೊಂಡವನು ಕಚೇರಿಯ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ.

ಮುಳಬಾಗಿಲು: ಗುಂಟೆ ಮತ್ತು ನುಡಿ

ಮುಳಬಾಗಿಲು ಮೂಡಲಬಾಗಿಲು, ನಾಡಿನ ಪೂರ್ವದ ಹೆಬ್ಬಾಗಿಲು. ಇಲ್ಲಿ ನೆಲದ ಲೆಕ್ಕವನ್ನೂ ನುಡಿಯ ಲೆಕ್ಕವನ್ನೂ ಒಟ್ಟಿಗೆ ನೋಡಬೇಕು.

ನೆಲದ ಲೆಕ್ಕ ಮೊದಲು. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ. 1089 ಚದರ ಅಡಿ. ನಲವತ್ತು ಗುಂಟೆ ಒಂದು ಎಕರೆ. ಪಹಣಿಯಲ್ಲಿ 2-25 ಎಂದಿದ್ದರೆ ಎರಡು ಎಕರೆ ಇಪ್ಪತ್ತೈದು ಗುಂಟೆ ಎಂದರ್ಥ. ಈ ಜಮೀನು ಮೂವರು ಮಕ್ಕಳಿಗೆ ಸಮವಾಗಿ ಹಂಚಿಕೆಯಾಗಬೇಕೆನ್ನಿ. 2005ರ ತಿದ್ದುಪಡಿಯ ಬಳಿಕ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಪಾಲುಂಟು. ಆದ್ದರಿಂದ ಮೂವರಲ್ಲಿ ಅಕ್ಕತಂಗಿಯರೂ ಸೇರುತ್ತಾರೆ. ಅವಸರದವನು ಯಂತ್ರದಲ್ಲಿ 2.25 ಎಂದು ಒತ್ತಿ ಮೂರರಿಂದ ಭಾಗಿಸುತ್ತಾನೆ; 0.75 ಬರುತ್ತದೆ, ಮುಕ್ಕಾಲು ಎಕರೆ, ಎಂದರೆ ಮೂವತ್ತು ಗುಂಟೆ ಎನ್ನುತ್ತಾನೆ. ತಿಳಿದವನು ಮೊದಲು ಎಲ್ಲವನ್ನೂ ಗುಂಟೆ ಮಾಡಿಕೊಳ್ಳುತ್ತಾನೆ: ಎಂಬತ್ತಕ್ಕೆ ಇಪ್ಪತ್ತೈದು ಸೇರಿದರೆ ನೂರೈದು, ಒಬ್ಬೊಬ್ಬರಿಗೆ ಮೂವತ್ತೈದು ಗುಂಟೆ. ಒಂದು ಚುಕ್ಕೆಯನ್ನು ತಪ್ಪಾಗಿ ಓದಿದ್ದರಿಂದ ಹದಿನೈದು ಗುಂಟೆ, ಎಂದರೆ 16,335 ಚದರ ಅಡಿ ನೆಲ, ಕಾಗದದ ಮೇಲೆ ಮಾಯವಾಯಿತು. ದಶಮಾಂಶದ ಚುಕ್ಕೆಗೆ ಇಷ್ಟು ಶಕ್ತಿಯಿದೆ.

ಇನ್ನು ನುಡಿ. ಈ ಗಡಿಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಅಂಗಡಿಯಲ್ಲಿ 'ರೆಂಡು, ಮೂಡು, ನಾಲುಗು' ಎಂದು ಎಣಿಸುವ ಮಗು ಶಾಲೆಯಲ್ಲಿ 'ಎರಡು, ಮೂರು, ನಾಲ್ಕು' ಎನ್ನಬೇಕು. ಮನೆಯಲ್ಲಿ ಸಾಲ 'ಅಪ್ಪು', ಬಡ್ಡಿ 'ವಡ್ಡಿ'. ಕೂಡುವ ಕಳೆಯುವ ಲೆಕ್ಕದಲ್ಲಿ ಇದರಿಂದ ತೊಂದರೆಯಿಲ್ಲ, ಅಂಕಿಗಳಿಗೆ ಭಾಷೆಯಿಲ್ಲ. ಆದರೆ ಮೇಲಿನ ತರಗತಿಗಳ ಲೆಕ್ಕಗಳು ಕಥೆಯ ರೂಪದಲ್ಲಿ ಬರುತ್ತವೆ. 'ಉಳಿದುದರಲ್ಲಿ', 'ಒಟ್ಟಿನಲ್ಲಿ', 'ಪ್ರತಿಯೊಬ್ಬರಿಗೆ', 'ಇಂತಿಷ್ಟಕ್ಕಿಂತ ಹೆಚ್ಚು' ಎಂಬ ಸಣ್ಣ ಪದಗಳು ತಿಳಿಯದೆ ಹೋದರೆ ಇಡೀ ಲೆಕ್ಕವೇ ಕೈತಪ್ಪುತ್ತದೆ. ಆಗ ಗಣಿತ ಬಾರದ ಮಗುವೆಂದು ನಾವು ತೀರ್ಪು ಕೊಡುತ್ತೇವೆ. ಅದಕ್ಕೆ ಬಾರದಿದ್ದುದು ಒಂದು ವಿಭಕ್ತಿ ಪ್ರತ್ಯಯ ಮಾತ್ರ!

ಮನೆಮಾತು ಬೇರೆಯಾಗಿರುವುದು ಕೊರತೆಯಲ್ಲ. ತಮಿಳು ಮನೆಮಾತಿನ ಮಾಸ್ತಿಯವರು ಈ ಸೀಮೆಯಲ್ಲೇ ಹುಟ್ಟಿ ಕನ್ನಡದ ಆಸ್ತಿಯೆನಿಸಿದರು. ಕನ್ನಡದಲ್ಲಿ ಗಣಿತ ಹೇಳುವುದೂ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮುಂತಾದವನ್ನು ಕನ್ನಡದಲ್ಲಿ ಬರೆದನು. ಬೇಕಾದದ್ದು ಸೇತುವೆ. ಲೆಕ್ಕದ ಕಥೆಯನ್ನು ಮಗು ಮೊದಲು ತನ್ನ ಮನೆಮಾತಿನಲ್ಲಿ ಹೇಳಲಿ. ಬಳಿಕ ಕನ್ನಡದಲ್ಲಿ ಬರೆಯಲಿ. ಕಡೆಗೆ ಅಂಕಿಗೆ ಇಳಿಸಲಿ. ಐದು ನಿಮಿಷದ ಈ ಕೆಲಸವು ಐದು ಅಧ್ಯಾಯಗಳ ಭಯವನ್ನು ಕಳೆಯುತ್ತದೆ.

ಋಣ ಎಂಬ ಸಂಖ್ಯೆ

ಸೊನ್ನೆಗಿಂತ ಕಡಿಮೆಯಾದ ಸಂಖ್ಯೆಯನ್ನು ಹೇಳಿಕೊಡುವಾಗ ಪಾಶ್ಚಾತ್ಯ ಪುಸ್ತಕಗಳು ಹಿಮ ಬೀಳುವ ಊರಿನ ಉಷ್ಣಮಾಪಕವನ್ನು ತೋರಿಸುತ್ತವೆ. ನಮ್ಮ ಮಕ್ಕಳು ಹಿಮವನ್ನು ಎಲ್ಲಿ ಕಂಡಾರು? ಪಕ್ಕದ ಕೋಲಾರ ಚಿನ್ನದ ಗಣಿಯನ್ನು ತೋರಿಸಬಹುದು. ಆ ಊರು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿಯ ಆಳ ಸುಮಾರು 3200 ಮೀಟರ್. 850ರಲ್ಲಿ 3200 ಕಳೆದರೆ ಋಣ 2350. ಬೆಟ್ಟದ ಸೀಮೆಯ ಈ ಗಣಿಯ ತಳ ಕಡಲಿನ ಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗಿದೆ!

ಅದಕ್ಕಿಂತಲೂ ಹತ್ತಿರದ ನಿದರ್ಶನ ಮಾತಿನಲ್ಲೇ ಇದೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಸೊನ್ನೆಯ ಮೇಲಿನ ಸಂಖ್ಯೆಯನ್ನು ಧನವೆಂದೂ ಕೆಳಗಿನ ಸಂಖ್ಯೆಯನ್ನು ಋಣವೆಂದೂ ಕರೆದನು. ಋಣವೆಂದರೆ ಸಾಲ. ಹಳ್ಳಿಯ ಮಗುವಿಗೆ ಇದಕ್ಕಿಂತ ಬಿಡಿಸಿ ಹೇಳಬೇಕೆ?

ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂಬ ಮಾತು ಕಿವಿಗೆ ಮೃದುವಾಗಿದೆ. ವರ್ಷಕ್ಕೆ ಅದು ಶೇಕಡ 36. ಹತ್ತು ಸಾವಿರ ರೂ. ಸಾಲಕ್ಕೆ ಬಡ್ಡಿ ಕಟ್ಟದೆ ಬಿಟ್ಟು, ಅದು ತಿಂಗಳು ತಿಂಗಳೂ ಅಸಲಿಗೆ ಸೇರುತ್ತ ಹೋದರೆ ಎರಡು ವರ್ಷಗಳಲ್ಲಿ 20,328 ರೂ. ಆಗುತ್ತದೆ, ಸಾಲ ಇಮ್ಮಡಿಸಿತು. ಸರಳಬಡ್ಡಿಯಾಗಿದ್ದರೆ 17,200 ರೂ.

ವಾರದ ಸಾಲದ ಕಥೆ ಇನ್ನೂ ಸೂಕ್ಷ್ಮ. ಹತ್ತು ಸಾವಿರ ಎಂದು ಬರೆಸಿಕೊಂಡು, ಮೊದಲೇ ಒಂದು ಸಾವಿರ ಮುರಿದು ಒಂಬತ್ತು ಸಾವಿರ ಕೈಗೆ ಕೊಟ್ಟು, ವಾರಕ್ಕೆ ಸಾವಿರದಂತೆ ಹತ್ತು ವಾರ ವಸೂಲು ಮಾಡುತ್ತಾರೆನ್ನಿ. ನೂರಕ್ಕೆ ಹತ್ತು ತಾನೆ ಎಂದು ತಾಯಿ ಸಮಾಧಾನಪಡುತ್ತಾಳೆ. ಆದರೆ ಒಂಬತ್ತು ಸಾವಿರ ಅವಳ ಬಳಿ ಹತ್ತು ವಾರವೂ ಇರಲಿಲ್ಲ. ವಾರ ವಾರವೂ ಕರಗುತ್ತ ಬಂತು. ಸರಾಸರಿಯಲ್ಲಿ ಅವಳು ಅನುಭವಿಸಿದ್ದು ಸುಮಾರು ಐದು ಸಾವಿರದ ಸಾಲ. ಐದು ಸಾವಿರಕ್ಕೆ ಹತ್ತು ವಾರಗಳಲ್ಲಿ ಸಾವಿರ ಎಂದರೆ ಶೇಕಡ 20. ವರ್ಷದ 52 ವಾರಕ್ಕೆ ಶೇಕಡ ನೂರಕ್ಕೂ ಮೇಲೆ! ಇದನ್ನು ಕಂಡುಕೊಳ್ಳಲು ಸರಾಸರಿ, ಶೇಕಡ, ಅನುಪಾತ ಈ ಮೂರು ಸಾಕು. ಮೂರೂ ಎಂಟನೆಯ ತರಗತಿಯೊಳಗಿನವು.

ಕಿರುಸಾಲ ವಸೂಲಿಯ ಕಿರುಕುಳ ಮಿತಿಮೀರಿದಾಗ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಅದನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಕಾನೂನು ಬಾಗಿಲಿಗೆ ಬಂದ ದಬ್ಬಾಳಿಕೆಯನ್ನು ತಡೆಯಬಲ್ಲದು. ಹೆಬ್ಬೆಟ್ಟು ಒತ್ತುವ ಮುನ್ನ ಎಚ್ಚರಿಸುವುದು ಲೆಕ್ಕ ಒಂದೇ.

ಹಿರಿಯರಿಗೆ ಒಂದು ಮಾತು

ಗಣಿತವೆಂದರೆ ಬರಿಯ ಮಂಡಿ, ಬಡ್ಡಿ, ಇಟ್ಟಿಗೆಗಳಷ್ಟೆ ಎಂದು ನನ್ನ ಅಭಿಪ್ರಾಯವಲ್ಲ. ಅದಕ್ಕೆ ತನ್ನದೇ ಆದ ಸೊಬಗಿದೆ. ಹದಿನೆಂಟು ಮಾವಿನ ಹಣ್ಣುಗಳ ಲೆಕ್ಕ ಹೊಟ್ಟೆ ತುಂಬಿಸುವುದಿಲ್ಲ, ಮನಸ್ಸನ್ನು ತುಂಬಿಸುತ್ತದೆ. ಆದರೆ ಸೊಬಗನ್ನು ಕಾಣುವುದಕ್ಕೂ ಮೊದಲು ಭಯ ಹೋಗಬೇಕು. ಭಯ ಹೋಗಬೇಕಾದರೆ ಲೆಕ್ಕ ಪರಿಚಿತರ ಮುಖದಂತೆ ಕಾಣಬೇಕು.

ಉಪಾಧ್ಯಾಯರು ವಾರಕ್ಕೊಂದು ದಿನ ಪುಸ್ತಕ ಮುಚ್ಚಿ ಊರಿನ ಲೆಕ್ಕ ಮಾಡಿಸಲಿ. ತಾಯಿತಂದೆಗಳು ತಮಗೆ ಓದು ಬಾರದೆಂದು ಹಿಂಜರಿಯಬೇಕಾಗಿಲ್ಲ. ಮನೆಯ ಪಹಣಿ, ಮಂಡಿಯ ಚೀಟಿ, ಸಾಲದ ಪುಸ್ತಕ, ಇವು ಮೂರನ್ನೂ ಪೆಟ್ಟಿಗೆಯಿಂದ ತೆಗೆದು, ಏಳನೆಯ ಅಥವಾ ಎಂಟನೆಯ ತರಗತಿಯಲ್ಲಿರುವ ಮಗಳ ಮುಂದೆ ಇಟ್ಟು, "ನೋಡವ್ವಾ, ಇದು ಸರಿಯಾಗಿದೆಯೆ?" ಎಂದು ಕೇಳಲಿ. ಅವಳು ತಪ್ಪಬಹುದು, ಅಳಿಸಿ ಮತ್ತೆ ಮಾಡಲಿ. ಆ ಪ್ರಶ್ನೆಯನ್ನು ಅವಳಿಗೆ ಕೇಳಿದ ದಿನ ಅವಳು ಆ ಮನೆಯ ಲೆಕ್ಕಕ್ಕೆ ಸೇರಿದಳು.